ಹಲಗೆಯ ಆಚೆಯ ಉಸಿರು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಆ ಗಾದೆ ಕಟ್ಟಿದವನು ದೂರದ ಬಸ್ಸಿನ ಗೂಡಿನಲ್ಲಿ ಒಂದು ದಿನವೂ ಮಲಗಿರಲಿಕ್ಕಿಲ್ಲ. ಮಲಗಿದ್ದರೆ ಸಂತೆಯೇ ವಾಸಿ ಎಂದು ಎದ್ದು ಹೋಗುತ್ತಿದ್ದ.

ಗೂಡು ಎಂದರೆ ಹಕ್ಕಿಯದಲ್ಲ. ಒಂದು ಹಗಲು ಒಂದು ರಾತ್ರಿ ಓಡುವ ಬಸ್ಸಿಗೆ ಇಬ್ಬರು ಡ್ರೈವರು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಬೇಕು. ಅದಕ್ಕೆಂದು ಡ್ರೈವರ್ ಸೀಟಿನ ಬೆನ್ನಿಗೆ ಅಂಟಿದಂತೆ ಆಳುದ್ದದ ಒಂದು ಪೆಟ್ಟಿಗೆ ಮಾಡಿರುತ್ತಾರೆ. ಒಳಗೆ ಒಂದು ಹಾಸಿಗೆ, ಒಂದು ದಿಂಬು, ಅಂಗೈಯಗಲದ ಕಿಟಕಿ. ಸೀಟಿಗೂ ಗೂಡಿಗೂ ನಡುವೆ ಒಂದು ಹಲಗೆ, ಹಲಗೆಯ ಪಕ್ಕದಲ್ಲಿ ಸರಿಸುವ ಬಾಗಿಲು. ಹಾಸಿಗೆ ಇಬ್ಬರಿಗೂ ಒಂದೇ, ಹೊದಿಕೆ ಮಾತ್ರ ಬೇರೆ. ಇಂಥ ಇಬ್ಬರನ್ನು ಡಿಪೋದಲ್ಲಿ ಜೋಡಿ ಅನ್ನುತ್ತಾರೆ. ಜೋಡಿ ಅಂದಕೂಡಲೇ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುವವರು ಎಂದುಕೊಳ್ಳಬೇಡಿ. ಇವನು ಎದ್ದಾಗ ಅವನು ಅಡ್ಡ, ಅವನು ಎದ್ದಾಗ ಇವನು ಅಡ್ಡ. ಸೂರ್ಯಚಂದ್ರರಾದರೂ ಒಮ್ಮೊಮ್ಮೆ ಒಂದೇ ಆಕಾಶದಲ್ಲಿ ಕಾಣಿಸಿಕೊಳ್ಳುತ್ತಾರೆ, ಇವರಿಗೆ ಅದೂ ಇಲ್ಲ.

ಇವರ ನಡುವೆ ನಡೆಯುವ ಮಾತೆಂದರೆ ಹಲಗೆಗೆ ಬೀಳುವ ಏಟು. ಮೂರು ಸಲ ತಟ್ಟಿದರೆ ‘ಏಳು, ನಿನ್ನ ಪಾಳಿ ಬಂತು’ ಎಂದು. ಒಂದು ಏಟಿಗೆ ಡಿಪೋದ ಲೆಕ್ಕದಲ್ಲಿ ಯಾವ ಅರ್ಥವೂ ಇಲ್ಲ. ಗುಡುಗಣ್ಣನ ಕತೆ ಕೆಟ್ಟದ್ದು ಆ ಅರ್ಥವಿಲ್ಲದ ಒಂದು ಏಟಿನಿಂದ.

ಅವನಿಗೆ ಗುಡುಗಣ್ಣ ಎಂಬ ಹೆಸರು ಬಂದದ್ದು ಮಾತಿನಿಂದಲ್ಲ, ಗೊರಕೆಯಿಂದ. ಗೂಡಿನಲ್ಲಿ ಅವನು ಮಲಗಿದನೆಂದರೆ ಮುಂದಿನ ಸೀಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿಯಂತೂ ಓಡಿಸುತ್ತಿದ್ದವನ ಹತ್ತಿರ ಬಂದು, “ಇಂಜಿನ್ನಲ್ಲಿ ಏನೋ ತೊಂದ್ರೆ ಇದೆ, ಎಲ್ಲಾದ್ರೂ ನಿಲ್ಸಿ ನೋಡಪ್ಪ” ಎಂದು ಬುದ್ಧಿ ಹೇಳಿ ಹೋಗಿದ್ದಳು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವನು ಚಾಪೆ ಬಿಡಿಸಿದರೆ ಉಳಿದವರು ತಮ್ಮ ಚಾಪೆ ಸುತ್ತಿಕೊಂಡು ವರಾಂಡಕ್ಕೆ ಹೋಗುತ್ತಿದ್ದರು. ಮೊದಮೊದಲು ನಗುತ್ತಾ ಹೋಗುತ್ತಿದ್ದರು, ಆಮೇಲೆ ನಗದೆ ಹೋದರು. ಗುಡುಗಣ್ಣ ಆ ಕೋಣೆಗೆ ಹೋಗುವುದನ್ನೇ ಬಿಟ್ಟ.

ಗೊರಕೆ ಅವನ ಮನೆತನದ ಆಸ್ತಿ. ಅಪ್ಪ ಮಲಗಿದರೆ ಅಟ್ಟದ ಪಾತ್ರೆಗಳು ನಡುಗುತ್ತಿದ್ದವಂತೆ. ದುಡಿದು ದಣಿದ ಗಂಡಸಿನ ನಿದ್ದೆ ಹಾಗೇ ಇರಬೇಕು ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಅಪ್ಪ ಹೋದದ್ದೂ ನಿದ್ದೆಯಲ್ಲೇ, ಇನ್ನೂ ತಲೆ ನೆರೆಯುವ ಮೊದಲು. “ಮಲಗಿದ್ದಲ್ಲೇ ಹೋದ, ಯಾರಿಗೂ ತೊಂದ್ರೆ ಕೊಡ್ಲಿಲ್ಲ, ಪುಣ್ಯವಂತ” ಎಂದು ಬಂದವರೆಲ್ಲ ಹೇಳಿದರು. ಗುಡುಗಣ್ಣ ಆಗ ಚಿಕ್ಕವನು. ಆ ಮಾತು ಅವನ ಮನಸ್ಸಿನಲ್ಲಿ ಎಷ್ಟು ಬೇರೂರಿತೆಂದರೆ, ತನಗೂ ಅಂಥದೇ ಸಾವು ಸಿಕ್ಕರೆ ಸಾಕು ಎಂದು ದೊಡ್ಡವನಾದ ಮೇಲೂ ಆಸೆಪಡುತ್ತಿದ್ದ.

ಅವನ ಜೋಡಿಯವನು ಕಡ್ಡಿ. ಆಳು ಕಡ್ಡಿಯಂತಿದ್ದ, ಮಾತೂ ಕಡ್ಡಿ ಮುರಿದಂತೆ. ಬೇಕಾದರೆ ಒಂದು ಮಾತು, ಬೇಡವಾದರೆ ಅದೂ ಇಲ್ಲ. ಕಡ್ಡಿಯ ಜೊತೆ ವರ್ಷಗಟ್ಟಲೆ ಒಂದೇ ಹಾಸಿಗೆಯನ್ನು ಹಂಚಿಕೊಂಡರೂ ಅವನಿಗೆ ಹೆಂಡತಿ ಇದ್ದಾಳೋ ಇಲ್ಲವೋ ಗುಡುಗಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವನು ದಿಂಬನ್ನು ಮಡಿಸಿ ಮಲಗುತ್ತಾನೆ, ಮತ್ತು ಅವನ ಕೈ ಸುಮ್ಮನಿರುವುದಿಲ್ಲ.

ಗುಡುಗಣ್ಣನಿಗೆ ನಿದ್ದೆ ಹತ್ತಿ ಆಳಕ್ಕೆ ಇಳಿಯುವಷ್ಟರಲ್ಲಿ ಹಲಗೆಗೆ ದಢ್ ಎಂದು ಒಂದು ಏಟು ಬೀಳುತ್ತಿತ್ತು. ಅವನು ಏದುಸಿರು ಬಿಡುತ್ತಾ ಎದ್ದು, ಬೂಟಿಗೆ ತಡಕಾಡಿ, ಬಾಗಿಲು ಸರಿಸಿ ಕೇಳುತ್ತಿದ್ದ:

“ಬಂತಾ ನನ್ನ ಪಾಳಿ?”

“ಇಲ್ಲ. ಮಲಕ್ಕೋ.”

“ಮತ್ಯಾಕೋ ತಟ್ಟಿದೆ?”

“ಸುಮ್ನೆ.”

ನಿದ್ದೆಗಣ್ಣಿನವನಿಗೆ ‘ಸುಮ್ನೆ’ ಎಂಬ ಉತ್ತರ ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಮತ್ತೆ ಮಲಗಿದರೆ ಮತ್ತೆ ಏಟು. ವರ್ಷ ಕಳೆದಂತೆ ಗುಡುಗಣ್ಣನ ಹೊಟ್ಟೆ ಬೆಳೆಯಿತು, ಕುತ್ತಿಗೆ ದಪ್ಪವಾಯಿತು, ಏಟುಗಳೂ ಹೆಚ್ಚಾದವು. ಇವೆಲ್ಲಕ್ಕೂ ಒಂದಕ್ಕೊಂದು ನಂಟಿದೆ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಬೇರೆ: ತಾನು ಒಬ್ಬನೇ ಎಚ್ಚರವಿರಬೇಕಲ್ಲ ಎಂಬ ಹೊಟ್ಟೆಕಿಚ್ಚಿಗೆ ಈ ನನ್ಮಗ ನನ್ನ ನಿದ್ದೆ ಕೆಡಿಸುತ್ತಿದ್ದಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೆ ಡಿಪೋ ಮ್ಯಾನೇಜರನ ಹತ್ತಿರ ದೂರು ಕೊಟ್ಟ. ಮಲಗಲು ಬಿಡದೆ ಓಡಿಸಲು ಹೇಳಿದರೆ ಮುಂದೆ ಏನಾದರೂ ಆದರೆ ನನ್ನನ್ನು ಕೇಳಬೇಡಿ ಎಂದ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ.

“ಯಾಕಯ್ಯ ತಟ್ತೀಯ ಅವನಿಗೆ?”

ಕಡ್ಡಿ ಗುಡುಗಣ್ಣನ ಕಡೆ ಒಮ್ಮೆ ನೋಡಿದ. ನೋಟ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಏನೋ ಹೇಳುತ್ತಾನೆ ಎಂದು ಮ್ಯಾನೇಜರನೂ ಕಾದ.

“ಕೈ ಸುಮ್ನಿರಲ್ಲ ಸಾರ್” ಎಂದ ಕಡ್ಡಿ.

ಅಷ್ಟೇ. ಕಡ್ಡಿಯನ್ನು ದಾರಿಯಿಂದ ತೆಗೆದು ಡಿಪೋದ ಅಂಗಳಕ್ಕೆ ಹಾಕಿದರು. ಬಂದ ಬಸ್ಸನ್ನು ತೊಳೆಯುವ ಜಾಗಕ್ಕೆ ಒಯ್ಯುವುದು, ತೊಳೆದ ಮೇಲೆ ಗೋಡೆಯ ಪಕ್ಕ ನಿಲ್ಲಿಸುವುದು. ಊರೂರು ದಾಟಿಸಿದ ಕೈಗೆ ಎರಡನೇ ಗೇರಿಗಿಂತ ಮೇಲೆ ಹೋಗುವ ಕೆಲಸವೇ ಇಲ್ಲವಾಯಿತು. ಗುಡುಗಣ್ಣನಿಗೆ ಒಳಗೊಳಗೇ ಸ್ವಲ್ಪ ಪಿಚ್ಚೆನಿಸಿತು. ಆದರೆ ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಸುಮ್ಮನಾದ.

ಹೊಸ ಜೋಡಿಯವನು ಸಾಧು ಪ್ರಾಣಿ. ಎರಡೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಸ್ಟೇರಿಂಗ್ ಹಿಡಿದನೆಂದರೆ ಹಿಂದೆ ಭೂಮಿ ಬಿರಿದರೂ ಅವನಿಗೆ ತಿಳಿಯದು. ಗುಡುಗಣ್ಣ ಈಗ ಒಂದೂ ಏಟಿಲ್ಲದೆ ಪಾಳಿಯುದ್ದಕ್ಕೂ ಮಲಗಿದ. ಮಲಗಿ ಎದ್ದರೆ ತಲೆ ಸೀಸದಂತೆ ಭಾರ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತಿತ್ತು. ಇಷ್ಟು ಚೆನ್ನಾಗಿ ನಿದ್ದೆ ಮಾಡಿದರೂ ಯಾಕೆ ಹೀಗೆ ಎಂದು ತಾನೇ ಆಶ್ಚರ್ಯಪಟ್ಟುಕೊಳ್ಳುತ್ತಿದ್ದ. ತಿಂದದ್ದು ಹೆಚ್ಚಾಯಿತೇನೋ ಎಂದು ಊಟ ಕಡಿಮೆ ಮಾಡಿದ, ಟೀ ಹೆಚ್ಚು ಮಾಡಿದ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಟಿಕೆಟ್ ಕೊಡುವವನಿಗೂ ಅವನಿಗೂ ಮಾತು ನಿಂತು ಹೋಯಿತು.

ಆಮೇಲೆ ಒಂದು ಬೆಳಿಗ್ಗೆ, ಟೋಲ್ ಗೇಟಿನ ಸಾಲಿನಲ್ಲಿ ಬಸ್ಸು ನಿಂತಿತ್ತು. ಗುಡುಗಣ್ಣನ ಕಾಲು ಬ್ರೇಕಿನ ಮೇಲಿತ್ತು, ಕಣ್ಣು ತೆರೆದೇ ಇತ್ತು. ಮುಂದಿನ ಕಾರಿನ ಕೆಂಪು ದೀಪವನ್ನು ನೋಡುತ್ತಿದ್ದದ್ದು ಅವನಿಗೆ ನೆನಪಿದೆ. ಆಮೇಲೆ ನೆನಪಿರುವುದು ಗಾಜು ಒಡೆದ ಸದ್ದು ಮತ್ತು ಹಿಂದಿನ ಸೀಟಿನ ಹೆಂಗಸಿನ ಕೂಗು. ಕಾಲು ಸಡಿಲವಾಗಿ ಬಸ್ಸು ತಾನೇ ತೆವಳಿಕೊಂಡು ಹೋಗಿ ಕಾರಿನ ಬೆನ್ನಿಗೆ ಮುತ್ತಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ. ಇದು ನಿಂತ ಬಸ್ಸು, ಓಡುವ ಬಸ್ಸಾಗಿದ್ದರೆ ಎಂಬ ಯೋಚನೆ ಮಾತ್ರ ಎಲ್ಲರ ಮುಖದ ಮೇಲೂ ಬರೆದಿತ್ತು.

ಡಾಕ್ಟರು ಸರಿಯಿದ್ದೀಯ ಎಂದು ಬರೆದು ಕೊಡುವವರೆಗೆ ಸ್ಟೇರಿಂಗ್ ಮುಟ್ಟಬೇಡ ಎಂದ ಮ್ಯಾನೇಜರ್.

ಗುಡುಗಣ್ಣನಿಗೆ ಬಸ್ಸು ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ. ಮದುವೆಯಾಗಿದ್ದ, ಹೆಂಡತಿ ಬಹಳ ಬೇಗ ತೀರಿಕೊಂಡಿದ್ದಳು. ಒಂದು ಕೀಲಿಕೈ ಮಾಡುವ ಅಂಗಡಿಯ ಮೇಲೆ ಬಾಡಿಗೆಯ ಕೋಣೆಯಿತ್ತು. ಅಲ್ಲಿ ಅವನು ಬಟ್ಟೆ ಒಗೆದು ಒಣಗಿಸಿ ಮತ್ತೆ ಬಸ್ಸಿಗೆ ಹೋಗುತ್ತಿದ್ದ. ಈಗ ಆ ಕೋಣೆಯಲ್ಲೇ ಇರಬೇಕೆಂದರೆ ಎಲ್ಲಿ ಕೂರಬೇಕು ಎಂಬುದೇ ತಿಳಿಯಲಿಲ್ಲ. ಕುರ್ಚಿಯ ಮೇಲೆ ಸದಾ ಬಟ್ಟೆ ಇರುತ್ತಿತ್ತು.

ನಿದ್ದೆಯ ಕಾಯಿಲೆ ನೋಡುವ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

“ಗೊರಕೆ ಹೊಡೀತೀರಾ?”

“ಹೊಡೀತೀನಿ ಅಂತಾರೆ ಮೇಡಂ. ನಾನಂತೂ ಕೇಳಿಲ್ಲ.”

“ಕೂತಲ್ಲೇ ತೂಕಡಿಕೆ ಬರುತ್ತಾ?”

“ಇಲ್ಲ.”

“ಟಿವಿ ನೋಡ್ತಾ? ಊಟ ಆದ್ಮೇಲೆ? ಸಿಗ್ನಲ್ಲಲ್ಲಿ ಗಾಡಿ ನಿಂತಾಗ?”

“ಎಲ್ಲೂ ಇಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಕೇಳುವ ಮೊದಲೇ ಅವನ ತಲೆ ಅಡ್ಡಡ್ಡ ಆಡುತ್ತಿತ್ತು.

“ಹೊರಗೆ ಬೆಂಚಿನ ಮೇಲೆ ಕೂತಿದ್ರಲ್ಲ, ನಮ್ಮ ಸಿಸ್ಟರ್ ನಿಮ್ಮ ಹೆಸರು ಕೂಗಿ ಕೂಗಿ, ಆಮೇಲೆ ಭುಜ ಅಲ್ಲಾಡಿಸಿ ಕರ್ಕೊಂಡು ಬಂದ್ರು.”

“ಕಣ್ಣು ಮುಚ್ಕೊಂಡು ಯೋಚ್ನೆ ಮಾಡ್ತಿದ್ದೆ.”

ಡಾಕ್ಟರಮ್ಮ ನಕ್ಕಳು. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದಳು. ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದಳು. ಆಮೇಲೆ ಟೇಪು ತಂದು ಕುತ್ತಿಗೆಗೆ ಸುತ್ತಿದಳು.

“ಶರ್ಟು ಹೊಲಿಸೋಕಾ ಮೇಡಂ?” ಎಂದ ಗುಡುಗಣ್ಣ. ಹೆದರಿದಾಗ ಅವನಿಗೆ ತಮಾಷೆ ಬರುತ್ತಿತ್ತು.

“ಕತ್ತು ದಪ್ಪ ಇದ್ದೋರಿಗೆ ಇದು ಜಾಸ್ತಿ, ಅದಕ್ಕೆ” ಎಂದು ಆಕೆ ಎದುರಿಗೆ ಕುಳಿತಳು. “ನೋಡಿ, ಬರೀ ಗೊರಕೆ ಅಂದ್ರೆ ನನಗೇನೂ ಭಯ ಇಲ್ಲ. ನಿದ್ದೆ ಬಂದಾಗ ಗಂಟಲು ಸಡಿಲ ಆಗುತ್ತೆ, ದಾರಿ ಇಕ್ಕಟ್ಟಾಗುತ್ತೆ, ಅಲ್ಲಿ ಗಾಳಿ ನುಗ್ಗುವಾಗ ಸದ್ದು ಬರುತ್ತೆ. ಕಿರಿದಾದ ರಸ್ತೇಲಿ ನೀವು ಹಾರ್ನ್ ಹೊಡ್ಕೊಂಡು ಹೋಗಲ್ವಾ, ಹಾಗೆ. ಹಾರ್ನು ಕೇಳ್ತಿದ್ರೆ ಬಸ್ಸು ಹೋಗ್ತಿದೆ ಅಂತ. ಹಾರ್ನು ನಿಂತ್ರೇನೇ ಭಯ.”

“ಗೊರಕೆ ನಿಂತ್ರೆ ಒಳ್ಳೇದಲ್ವಾ?”

“ನಿಂತ್ರೆ ದಾರಿ ಪೂರ್ತಿ ಮುಚ್ಚಿದೆ ಅಂತ. ಎದೆ ಎಳೀತಾನೇ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ಹತ್ತು ಸೆಕೆಂಡು ಹಾಗಾದ್ರೆ ನಾವು ಅದನ್ನ ಒಂದು ಸಲ ಅಂತ ಲೆಕ್ಕ ಹಿಡೀತೀವಿ. ಕೆಲವರಿಗೆ ಅರ್ಧ ನಿಮಿಷ, ಇನ್ನೂ ಹೆಚ್ಚೂ ಆಗುತ್ತೆ. ಆಮೇಲೆ ಮಿದುಳು ಗಾಬರಿ ಬಿದ್ದು ಎಬ್ಬಿಸುತ್ತೆ, ಉಸಿರು ಬರುತ್ತೆ, ಮತ್ತೆ ನಿದ್ದೆ. ಪೂರ್ತಿ ಎಚ್ಚರ ಆಗಲ್ಲ, ಅದಕ್ಕೇ ನಿಮಗೆ ನೆನಪಿರಲ್ಲ. ಒಂದು ರಾತ್ರೀಲಿ ನೂರಾರು ಸಲ ಹೀಗೆ ಎದ್ದೆದ್ದು ಮಲಗಿದ್ರೆ ಅದನ್ನ ನಿದ್ದೆ ಅಂತೀರಾ? ಹೃದಯಕ್ಕೂ ಅದು ಹೊಡೆತ.”

ಗುಡುಗಣ್ಣ ತನ್ನ ಕತ್ತು ಮುಟ್ಟಿ ನೋಡಿಕೊಂಡ.

“ನಮ್ಮಲ್ಲಿ ಮಲಗಿಸಿ ನೋಡೋ ಟೆಸ್ಟಿಗೆ ಉದ್ದ ಸರದಿ ಇದೆ. ಅಷ್ಟರಲ್ಲಿ ನಿಮ್ಮ ಪಕ್ಕ ಮಲಗೋರನ್ನ ಕರ್ಕೊಂಡು ಬನ್ನಿ. ಇದು ಮಲಗಿದವರಿಗೆ ಗೊತ್ತಾಗಲ್ಲ, ಎಚ್ಚರ ಇದ್ದೋರಿಗೇ ಗೊತ್ತಾಗೋದು. ಅವರ ಮಾತು ಕೇಳದೆ ನಾನು ಮುಂದಿನ ಹೆಜ್ಜೆ ಇಡಲ್ಲ. ಹೆಂಡತಿ ಬರ್ತಾರಾ?”

“ಇಲ್ಲ ಮೇಡಂ. ಹೋಗಿಬಿಟ್ಲು.”

“ಮಕ್ಕಳು? ಅಣ್ಣತಮ್ಮ?”

“ಇಲ್ಲ.”

“ಹಾಗಾದ್ರೆ ನಿಮ್ಮ ನಿದ್ದೆ ಕೇಳಿಸ್ಕೊಂಡೋರು ಯಾರಿದ್ದಾರೆ?”

ಸುಲಭದ ಪ್ರಶ್ನೆ. ಡಾಕ್ಟರಮ್ಮ ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ವಿಚಾರಿಸಿಕೊಂಡು ಬರುತ್ತೇನೆ ಎಂದು ಗುಡುಗಣ್ಣ ಎದ್ದ.

ಕೋಣೆಗೆ ಬಂದು ಅಕ್ಕನಿಗೆ ಫೋನು ಮಾಡಿದ. ಬೇರೆ ಊರಿನಲ್ಲಿದ್ದ ಅಕ್ಕ ಒಬ್ಬಳೇ ಅವನಿಗೆ ಉಳಿದ ನಂಟು. “ನಿನ್ನ ಗೊರಕೆನಾ? ನೀನು ಬಂದಾಗೆಲ್ಲ ನಾವು ಒಳಗಿನ ಬಾಗ್ಲು ಹಾಕ್ಕೊಂಡು ಮಲಗ್ತಿದ್ವಲ್ಲೋ. ಥೇಟ್ ಅಪ್ಪಂದೇ” ಎಂದು ಅಕ್ಕ ನಕ್ಕಳು. ಕೆಳಗಿನ ಕೀಲಿಕೈಯವನನ್ನು ಕೇಳಿದ. “ನನ್ನ ಮೆಷಿನ್ ಸದ್ದಲ್ಲಿ ನನ್ನ ಹೆಂಡ್ತಿ ಫೋನೇ ಕೇಳ್ಸಲ್ಲ, ನಿಮ್ಮ ಗೊರಕೆ ಎಲ್ಲಿ ಕೇಳ್ಸುತ್ತೆ ಸ್ವಾಮಿ” ಎಂದ ಅವನು. ಹೊಸ ಜೋಡಿಯವನು, ಹಾಡು ಬಿಟ್ಟು ಬೇರೇನೂ ನನಗೆ ಗೊತ್ತಿಲ್ಲಪ್ಪ, ಆ ಉಸಾಬರಿ ನನಗೆ ಬೇಡ ಎಂದು ಕೈ ತೊಳೆದುಕೊಂಡ.

ಕುರ್ಚಿಯ ಮೇಲಿನ ಬಟ್ಟೆ ತೆಗೆದು ಗುಡುಗಣ್ಣ ಮೊದಲ ಸಲ ಅದರ ಮೇಲೆ ಕುಳಿತ. ಅವನ ಗೊರಕೆ ಕೇಳಿದವರು ಊರತುಂಬ ಇದ್ದರು. ಕೇಳಿದ ಕೂಡಲೇ ಚಾಪೆ ಸುತ್ತಿಕೊಂಡವರು, ಬಾಗಿಲು ಹಾಕಿಕೊಂಡವರು, ಕಿವಿಗೆ ಹಾಡು ಸಿಕ್ಕಿಸಿಕೊಂಡವರು. ಗೊರಕೆ ನಿಂತದ್ದನ್ನು ಕೇಳುವಷ್ಟು ಹೊತ್ತು ಹತ್ತಿರ ಇದ್ದವರು ಯಾರು? ಇಡೀ ಭೂಮಿಯ ಮೇಲೆ ಹುಡುಕಿದರೆ ಒಬ್ಬನೇ ಸಿಕ್ಕ. ಅವನ ಅನ್ನಕ್ಕೆ ಇವನೇ ಕಲ್ಲು ಹಾಕಿದ್ದ. ಇಷ್ಟು ವರ್ಷ ಬದುಕಿ ಕೂಡಿಟ್ಟದ್ದು ಇದೇನಾ ಎಂದು ಅವನಿಗೆ ಅಳು ಬಂತು. ಅತ್ತರೂ ಕೇಳುವವರಿಲ್ಲವಲ್ಲ ಎಂದು ಅಳಲೂ ಇಲ್ಲ.

ಮಾರನೆಯ ದಿನ ಎರಡು ಲೋಟ ಟೀ ಹಿಡಿದುಕೊಂಡು ಡಿಪೋದ ಹಿಂದಿನ ಅಂಗಳಕ್ಕೆ ಹೋದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು ಕಡ್ಡಿ ಒಂದು ಬಸ್ಸಿನ ಚಕ್ರಕ್ಕೆ ಪೈಪಿನಿಂದ ನೀರು ಹೊಡೆಯುತ್ತಿದ್ದ. ಮೊದಲಿಗಿಂತ ಇನ್ನೂ ಸಣಕಲಾಗಿದ್ದ. ಗುಡುಗಣ್ಣನನ್ನು ಕಂಡು ನೀರು ನಿಲ್ಲಿಸಿದ.

“ಹೇಳು.”

ಗುಡುಗಣ್ಣ ಹೇಳಿದ. ಟೋಲ್ ಗೇಟು, ಡಾಕ್ಟರಮ್ಮ, ಟೇಪು, ಎಲ್ಲ. ಕ್ಷಮಿಸು ಎನ್ನಲೆಂದೇ ಬಂದಿದ್ದ. ಅದರ ಬದಲು ಬಂದದ್ದು ಬೇರೆ.

“ನೀನೊಂದ್ಸಲ ಬಂದು, ಇವನು ಚೆನ್ನಾಗಿ ನಿದ್ದೆ ಮಾಡ್ತಾನೆ, ಏನೂ ತೊಂದ್ರೆ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕು. ಆಕೆ ಬರ್ಕೊಡ್ತಾಳೆ. ನನ್ನ ಬಸ್ಸು ನಂಗೆ ಸಿಗುತ್ತೆ. ಅಷ್ಟು ಮಾಡೋ ಮಾರಾಯ.”

ಕಡ್ಡಿ ಟೀ ಕುಡಿಯುತ್ತಾ ಕೇಳಿದ:

“ಹೊಸಬ ತಟ್ತಾನಾ?”

“ಇಲ್ಲ, ಪುಣ್ಯಾತ್ಮ. ಒಂದು ಏಟೂ ಇಲ್ಲ. ಎರಡೂ ಕಿವೀಲಿ ಹಾಡು ಇರುತ್ತೆ ಅವನಿಗೆ.”

ಕಡ್ಡಿ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ. ಅರ್ಧ ಟೀ ಹಾಗೇ ಉಳಿದಿತ್ತು.

“ಯಾವತ್ತು ಹೋಗ್ಬೇಕು?” ಎಂದ.

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕುಳಿತರು. ಹೀಗೆ ಇಬ್ಬರೂ ಎಚ್ಚರವಿದ್ದು ಒಂದೇ ಕಡೆ ಕುಳಿತದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ ಗುಡುಗಣ್ಣ ಸೋತ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ:

“ಮನೇಲಿ ಯಾರ್ಯಾರಿದ್ದಾರೆ?”

“ಇದ್ರು” ಎಂದ ಕಡ್ಡಿ. ಮುಂದೆ ಕೇಳುವ ಧೈರ್ಯ ಗುಡುಗಣ್ಣನಿಗೆ ಆಗಲಿಲ್ಲ.

ಒಳಗೆ ಡಾಕ್ಟರಮ್ಮ ಕಡ್ಡಿಗೆ ಕುರ್ಚಿ ತೋರಿಸಿದಳು. “ನೀವು ಇವರಿಗೆ ಏನಾಗ್ಬೇಕು?”

“ಜೋಡಿ” ಎಂದ ಕಡ್ಡಿ. ಹಿಂದಿನ ಮಾತು ಅದು, ಈಗ ಅಲ್ಲ. ಆದರೆ ತಿದ್ದಿ ಹೇಳಲಿಲ್ಲ. ಬಸ್ಸು, ಗೂಡು, ಹಲಗೆ, ಮೂರು ಮಾತಿನಲ್ಲಿ ಆಕೆಗೆ ತಿಳಿಸಿದ.

“ಇವರು ಮಲಗಿದಾಗ ಉಸಿರು ನಿಂತಿದ್ದು ಯಾವತ್ತಾದ್ರೂ ಗಮನಕ್ಕೆ ಬಂದಿದೆಯಾ?”

ಗುಡುಗಣ್ಣ ಮೈಯೆಲ್ಲ ಕಿವಿಯಾಗಿ ಕುಳಿತ. ಇಲ್ಲ ಅನ್ನು, ಒಂದೇ ಮಾತು, ಇಲ್ಲ ಅನ್ನು.

“ದಿನಾ” ಎಂದ ಕಡ್ಡಿ.

ಆಮೇಲೆ ಅವನು ಮಾತಾಡಿದ. ಗುಡುಗಣ್ಣ ಅವನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಯಾವತ್ತೂ ಕೇಳಿರಲಿಲ್ಲ. “ಮೊದ್ಲು ಗೊರಕೆ ಏರ್ತಾ ಹೋಗುತ್ತೆ ಮೇಡಂ, ಗಾಡಿ ಘಾಟಿ ಹತ್ತಿದ ಹಾಗೆ. ತುದಿ ಮುಟ್ಟಿದ್ಮೇಲೆ ಪಟ್ ಅಂತ ನಿಲ್ಲುತ್ತೆ. ಒಂದು ಚೂರೂ ಸದ್ದಿಲ್ಲ. ನಾನು ರಸ್ತೆ ನೋಡ್ತಿರ್ತೀನಿ, ಕಿವಿ ಮಾತ್ರ ಹಿಂದಕ್ಕಿರುತ್ತೆ. ಈಗ ಬರುತ್ತೆ, ಈಗ ಬರುತ್ತೆ ಅಂತ. ಆ ದಾರೀಲಿ ಒಂದು ಉದ್ದ ಸೇತುವೆ ಇದೆ. ಒಂದಿನ ಸೇತುವೆ ಈ ತುದೀಲಿ ನಿಂತ ಉಸಿರು ಆ ತುದಿ ದಾಟಿದ್ರೂ ಬರ್ಲಿಲ್ಲ. ಕೈ ಕಾಲು ತಣ್ಣಗಾಯ್ತು ನಂಗೆ. ಬಸ್ಸು ತುಂಬ ಜನ, ನಿಲ್ಸೋ ಹಾಗಿಲ್ಲ. ಹಲಗೆಗೆ ಒಂದು ಬಿಟ್ಟೆ. ಹಾ ಅಂತ ಬಾಯಿ ಬಿಟ್ಟು ಉಸಿರೆಳ್ಕೊಂಡ. ಅವತ್ತಿಂದ ಹಾಗೇ. ನಿಂತಾಗೆಲ್ಲ ಒಂದು.”

ಗುಡುಗಣ್ಣನ ಕಿವಿಯಲ್ಲಿ ದಢ್ ಎಂಬ ಆ ಸದ್ದು ಒಂದರ ಹಿಂದೆ ಒಂದು ಬೀಳುತ್ತಿತ್ತು. ಸಾಲಾಗಿ ವರ್ಷಗಟ್ಟಲೆಯ ಏಟುಗಳು. ಪ್ರತಿ ಏಟಿಗೂ ತಾನು ಬೈದ ಬೈಗುಳವೂ ಜೊತೆಗೇ ನೆನಪಾಯಿತು.

ಡಾಕ್ಟರಮ್ಮ ಬರೆಯುವುದನ್ನು ಮುಗಿಸಿ, “ಸರದಿಗೆ ಕಾಯೋದು ಬೇಡ, ಇದೇ ವಾರ ಬನ್ನಿ. ಅಲ್ಲೀವರೆಗೆ ಸ್ಟೇರಿಂಗ್ ಮುಟ್ಟಬೇಡಿ” ಎಂದಳು.

ಹೊರಗೆ ಬಂದ ಮೇಲೆ ಗುಡುಗಣ್ಣನಿಗೆ ಸಿಟ್ಟು ಬಂತು. ನಾಚಿಕೆಯಾದಾಗ ಮನುಷ್ಯನಿಗೆ ಬರುವ ಸಿಟ್ಟು ಅದು.

“ಅವತ್ತು ಮ್ಯಾನೇಜರ್ ಮುಂದೆ ಬಾಯಿಗೇನು ಬೀಗ ಹಾಕಿತ್ತಾ ನಿಂಗೆ? ಇದನ್ನೇ ಹೇಳ್ಬಹುದಿತ್ತಲ್ಲ! ಅಂಗಳಕ್ಕೆ ಯಾಕೆ ಹೋದೆ?”

“ಹೇಳಿದ್ರೆ ನಿನ್ನ ಇಳಿಸ್ತಿದ್ರು. ಹೊಸಬನೂ ತಟ್ತಾನೆ ಅಂದ್ಕೊಂಡೆ.”

“ಇವತ್ತು ಹೇಳಿದ್ಯಲ್ಲ! ಇವತ್ತು ಇಳಿಸಲ್ವಾ?”

ಕಡ್ಡಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಾ ಹೇಳಿದ: “ಆವಾಗ ತಟ್ಟೋಕೆ ನಾನಿದ್ದೆ.”

ಅಷ್ಟು ಹೇಳಿ, ಪಾಳಿಗೆ ಹೊತ್ತಾಯಿತು ಎಂದು ಹೊರಟುಹೋದ. ಗುಡುಗಣ್ಣ ಆಸ್ಪತ್ರೆಯ ಗೇಟಿನಲ್ಲಿ ನಿಂತೇ ಇದ್ದ. ಅವನಿಗೆ ಅಪ್ಪ ನೆನಪಾದ. ಮಲಗಿದ್ದಲ್ಲೇ ಹೋದ, ಪುಣ್ಯವಂತ. ಅಮ್ಮ ಆ ದಿನ ತವರಿಗೆ ಹೋಗಿದ್ದಳು. ಮಕ್ಕಳೆಲ್ಲ ಆಚೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರು. ಅಪ್ಪನ ಗೊರಕೆ ಯಾವಾಗ ನಿಂತಿತು ಎಂದು ಯಾರಿಗೂ ಗೊತ್ತಿಲ್ಲ. ನಿಂತಾಗ ಅವರಿಗೆಲ್ಲ ಒಳ್ಳೆಯ ನಿದ್ದೆ ಹತ್ತಿರಬೇಕು.

ಹಗಲು ಮಲಗುವವನಿಗೆ ಹಗಲೇ ಪರೀಕ್ಷೆ. ತಲೆ, ಗಲ್ಲ, ಎದೆ, ಕಾಲು ಎಂದು ಮೈತುಂಬ ತಂತಿ ಅಂಟಿಸಿ, ಬೆರಳಿಗೊಂದು ಚಿಮಟ ಸಿಕ್ಕಿಸಿ, ಪರದೆ ಎಳೆದು ಸಿಸ್ಟರ್ ಪಕ್ಕದ ಕೋಣೆಗೆ ಹೋದಳು. ಮಂಚ ಅಲುಗಾಡುವುದಿಲ್ಲ, ಇಂಜಿನ್ನಿನ ಸದ್ದಿಲ್ಲ. ತನ್ನ ನಿದ್ದೆಯನ್ನು ನೋಡಲೆಂದೇ ಒಬ್ಬರು ಸಂಬಳ ಪಡೆದು ಆಚೆ ಕುಳಿತಿದ್ದಾರೆ ಎಂದು ಗುಡುಗಣ್ಣನಿಗೆ ವಿಚಿತ್ರವೆನಿಸಿತು. ಸಂಬಳವಿಲ್ಲದೆ ಅದನ್ನೇ ಮಾಡಿದವನು ಈಗ ಯಾವ ಬಸ್ಸು ತೊಳೆಯುತ್ತಿದ್ದಾನೋ ಎಂದು ಯೋಚಿಸುತ್ತಾ ನಿದ್ದೆ ಹೋದ.

ಉಸಿರು ನಿಲ್ಲುವುದು ಗಂಟೆಗೆ ಐದು ಸಲದೊಳಗಿದ್ದರೆ ಸರಿ, ಮೂವತ್ತು ದಾಟಿದರೆ ಜೋರು ಎಂದು ಡಾಕ್ಟರಮ್ಮ ಆಮೇಲೆ ತಿಳಿಸಿದಳು. ಗುಡುಗಣ್ಣನದು ಮೂವತ್ತನ್ನು ಓವರ್‌ಟೇಕ್ ಮಾಡಿ ಬಹಳ ಮುಂದೆ ಹೋಗಿತ್ತು. ಅವನಿಗೆ ಒಂದು ಯಂತ್ರ ಕೊಟ್ಟರು. ಮೂಗಿಗೆ ಮುಚ್ಚಳ, ಮುಚ್ಚಳಕ್ಕೆ ಕೊಳವೆ. ಮುಚ್ಚಿಕೊಳ್ಳುವ ಗಂಟಲನ್ನು ಗಾಳಿ ಊದಿ ತೆರೆದಿಡುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಸೊಂಡಿಲು ಬಂದ ಆನೆಮರಿ. ಕೋಣೆಯಲ್ಲಿ ಅದನ್ನು ಹಾಕಿಕೊಂಡು ಮಲಗಿ ಎದ್ದ ಮೊದಲ ದಿನ ತಲೆ ಹಗುರವಾಗಿತ್ತು. ಎಷ್ಟೋ ವರ್ಷದ ಮೇಲೆ ಕನಸು ಬಿದ್ದಿತ್ತು, ಕನಸಿನಲ್ಲಿ ಹೆಂಡತಿ ಏನೋ ಹೇಳುತ್ತಿದ್ದಳು. ಎದ್ದು ಕುಳಿತು, ಇದನ್ನು ಯಾರಿಗೆ ಹೇಳಲಿ ಎಂದು ಸುತ್ತ ನೋಡಿದ. ಯಂತ್ರ ಸಣ್ಣಗೆ ಗಾಳಿ ಊದುತ್ತಿತ್ತು.

ಯಂತ್ರವನ್ನು ದಿನವೂ ಹಾಕುತ್ತಾನೆ, ತೂಕಡಿಕೆ ಹೋಗಿದೆ ಎಂದು ಖಾತ್ರಿಯಾದ ಮೇಲೆ ಡಾಕ್ಟರಮ್ಮ ಸಹಿ ಹಾಕಿದಳು. ಗುಡುಗಣ್ಣ ಸೀದಾ ಮ್ಯಾನೇಜರನ ಹತ್ತಿರ ಹೋದ.

“ಸಾರ್, ನಾನು ಕೊಟ್ಟ ದೂರು ತಪ್ಪು. ಅವನು ನನ್ನ ನಿದ್ದೆ ಕೆಡಿಸ್ತಿರ್ಲಿಲ್ಲ, ನನ್ನ ಜೀವ ಕಾಯ್ತಿದ್ದ. ಕಡ್ಡೀನ ವಾಪಸ್ ಹಾಕಿ, ಇಲ್ಲಾಂದ್ರೆ ನನಗೂ ಅಂಗಳದ ಕೆಲಸನೇ ಕೊಡಿ.”

ಮ್ಯಾನೇಜರ್ ಸ್ವಲ್ಪ ಹೊತ್ತು ಮೇಜು ಕುಟ್ಟಿದ. ಟೋಲ್ ಗೇಟಿನ ಘಟನೆಯ ಮೇಲೆ ಗುಡುಗಣ್ಣನ ಜೋಡಿಯಾಗಲು ಹಾಡಿನವನೂ ಸೇರಿ ಯಾರೂ ಒಪ್ಪಿರಲಿಲ್ಲ ಎಂಬುದೂ ನಿಜ. “ಹಾಳಾಗ್ಹೋಗಿ ಇಬ್ರೂ” ಎಂದು ಒಪ್ಪಿದ.

ಕಡ್ಡಿಗೆ ಹೇಳಿದಾಗ ಅವನು “ಹೂಂ” ಎಂದ. ಕ್ಷಮಿಸು ಎಂದಾಗಲೂ “ಹೂಂ” ಎಂದ. ಡಿಪೋದ ಎಲೆಕ್ಟ್ರಿಷಿಯನ್ ಗೂಡಿನೊಳಗೆ ಯಂತ್ರಕ್ಕೊಂದು ಪ್ಲಗ್ ಮಾಡಿಕೊಟ್ಟ.

ಮೊದಲ ಪಾಳಿ ಗುಡುಗಣ್ಣನದು, ಮಧ್ಯಾಹ್ನದಿಂದ ಕಡ್ಡಿಯದು. ಬದಲಾಯಿಸುವಾಗ ಒಬ್ಬರನ್ನೊಬ್ಬರು ಉಜ್ಜಿಕೊಂಡು ದಾಟಿದರು. ಗುಡುಗಣ್ಣ ಸೊಂಡಿಲು ಹಾಕಿಕೊಂಡು ಮಲಗಿದ. ಅಂಗೈಯಗಲದ ಕಿಟಕಿಯಿಂದ ಬಿಸಿಲು ಹೊದಿಕೆಯ ಮೇಲೆ ಬಿದ್ದು ಅಲ್ಲೇ ಆಡುತ್ತಿತ್ತು. ಬಹಳ ಹೊತ್ತು ಸೊಗಸಾದ ನಿದ್ದೆ.

ದಢ್.

ಒಂದೇ ಏಟು. ಗುಡುಗಣ್ಣ ಎದ್ದು ಕುಳಿತ. ಯಂತ್ರ ನಿಂತಿದೆಯೇ ಎಂದು ಮುಟ್ಟಿ ನೋಡಿದ, ಓಡುತ್ತಲೇ ಇತ್ತು. ಉಸಿರೂ ಸರಾಗವಾಗಿತ್ತು. ಮುಚ್ಚಳ ತೆಗೆದು ಬಾಗಿಲು ಸರಿಸಿದ. ಬಸ್ಸು ಆಗ ತಾನೇ ಉದ್ದ ಸೇತುವೆಯನ್ನು ದಾಟಿತ್ತು.

“ಏನೋ? ಪಾಳಿ ಬಂತಾ?”

“ಇಲ್ಲ.”

“ಮತ್ಯಾಕೆ ತಟ್ಟಿದೆ? ಉಸಿರು ನಿಂತಿತ್ತಾ?”

“ಇಲ್ಲ.” ಕಡ್ಡಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ: “ಸದ್ದೇ ಇಲ್ಲ ಕಣೋ. ಇಷ್ಟು ವರ್ಷ ಹಿಂದೆ ನೀನು ಗುಡುಗ್ತಿದ್ದೆ. ಮನೇಲಂತೂ ಯಾವ ಸದ್ದೂ ಇಲ್ಲ. ಈಗ ಇಲ್ಲೂ ಯಾರೂ ಇಲ್ಲ ಅನ್ನಿಸ್ತು.”

ಗುಡುಗಣ್ಣನಿಗೆ ಅವನ ಕುತ್ತಿಗೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಮಲಕ್ಕೋ” ಎಂದ ಕಡ್ಡಿ. “ಪಾಳಿಗೆ ಇನ್ನೂ ಹೊತ್ತಿದೆ.”

ಗುಡುಗಣ್ಣ ಬಾಗಿಲು ಸರಿಸಿ ಮತ್ತೆ ಮಲಗಿದ. ಮುಚ್ಚಳವನ್ನು ಮೂಗಿಗೆ ಸಿಕ್ಕಿಸಿಕೊಂಡ. ಕಣ್ಣು ಮುಚ್ಚುವ ಮೊದಲು ಕೈ ಚಾಚಿ ಒಳಗಿನಿಂದ ಹಲಗೆಗೆ ಒಂದು ಏಟು ಹಾಕಿದ. ಆಚೆ ಗೇರು ಬದಲಾದ ಸದ್ದಾಯಿತು, ಬಸ್ಸು ಏರು ಹತ್ತತೊಡಗಿತು.